ಹಲ್ಲಿನ ಇಂಜೆಕ್ಷನ್ ಏಕೆ ಹಿಡಿಯುವುದಿಲ್ಲ?

ಕೇಳುಗರಿಗೆ ನಮಸ್ಕಾರ. ಹಲ್ಲು ಕೀಳಿಸಿಕೊಂಡವರಲ್ಲಿ ಕೆಲವರು ‘ಇಂಜೆಕ್ಷನ್ ಹಿಡಿಯಲೇ ಇಲ್ಲ’ ಎಂದು ದೂರುವುದುಂಟು. ಆ ಮಾತಿನಲ್ಲಿ ಹುರುಳಿದೆ. ಆದರೆ ಅದಕ್ಕೆ ಕಾರಣ ಎಷ್ಟೋ ಸಲ ವೈದ್ಯರ ಕೈಯಲ್ಲಲ್ಲ, ಹಲ್ಲಿನ ಬುಡದಲ್ಲಿ ಕಟ್ಟಿಕೊಂಡ ಕೀವಿನಲ್ಲಿರುತ್ತದೆ.

ನೋವು ತಿಳಿಯದಂತೆ ಮರಗಟ್ಟಿಸಲು ನಮ್ಮ ದಂತ ವೈದ್ಯರು ಹೆಚ್ಚಾಗಿ ಬಳಸುವ ಲಿಗ್ನೋಕೇನ್ ಎಂಬ ಮದ್ದನ್ನು ಸ್ವೀಡನ್ನಿನ ರಸಾಯನ ವಿಜ್ಞಾನಿ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದರು. ನರದಲ್ಲಿ ನೋವಿನ ಸಂದೇಶ ಸಾಗಬೇಕಾದರೆ ನರತಂತುವಿನ ಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳಿಂದ ಸೋಡಿಯಂ ಅಯಾನುಗಳೆಂಬ ವಿದ್ಯುದಾವೇಶವುಳ್ಳ ಕಣಗಳು ಒಳನುಗ್ಗಬೇಕು. ಲಿಗ್ನೋಕೇನ್ ಆ ದ್ವಾರಗಳನ್ನು ಒಳಬದಿಯಿಂದ ಮುಚ್ಚುತ್ತದೆ. ಒಳಬದಿಗೆ ತಲುಪಲು ಮದ್ದು ಮೊದಲು ಪೊರೆಯನ್ನು ದಾಟಬೇಕಷ್ಟೆ. ವಿದ್ಯುದಾವೇಶವಿಲ್ಲದ ಅಣುಗಳಿಗೆ ಮಾತ್ರ ಅದು ಸುಲಭ. ಕೀವು ತುಂಬಿದ ಜಾಗದಲ್ಲಿ ಆಮ್ಲೀಯತೆ ಹೆಚ್ಚಿರುವುದರಿಂದ ಬಹಳಷ್ಟು ಅಣುಗಳು ಆವೇಶ ಪಡೆದು ಹೊರಗೇ ಉಳಿದುಬಿಡುತ್ತವೆ. ಬಾವಿನಿಂದ ಕೆರಳಿದ ನರವನ್ನು ಸುಮ್ಮನಾಗಿಸುವುದಂತೂ ಇನ್ನೂ ಕಷ್ಟ. ನೋವು ತಡೆಯಲಾಗದ ಸ್ಥಿತಿಗೆ ಬರುವವರೆಗೂ ಲವಂಗದ ಎಣ್ಣೆ ಹಚ್ಚಿಕೊಂಡು ದಿನ ತಳ್ಳುವವರು ಇದನ್ನು ಗಮನಿಸಬೇಕು.

ಮೇಲ್ದವಡೆಯ ಮೂಳೆ ತೆಳುವಾಗಿದ್ದು ಸಣ್ಣ ರಂಧ್ರಗಳಿಂದ ಕೂಡಿರುವುದರಿಂದ ಹಲ್ಲಿನ ಪಕ್ಕದ ವಸಡಿಗೆ ಚುಚ್ಚಿದರೂ ಮದ್ದು ಬೇರಿನವರೆಗೆ ಇಳಿಯುತ್ತದೆ. ಕೆಳಗಿನ ದವಡೆಹಲ್ಲುಗಳ ಸುತ್ತಲಿನ ಮೂಳೆ ಗಟ್ಟಿ. ಆದ್ದರಿಂದ ಬಾಯಿಯ ಹಿಂಭಾಗದಲ್ಲಿ, ನರ ದವಡೆಮೂಳೆಯನ್ನು ಹೊಗುವ ಕಡೆಗೇ ಮದ್ದನ್ನು ತಲುಪಿಸಬೇಕಾಗುತ್ತದೆ. ಆ ಬದಿಯ ಕೆಳತುಟಿ ಗಲ್ಲದವರೆಗೆ ಮರಗಟ್ಟಿ ದಪ್ಪವಾದಂತೆ ಅನಿಸಿದರೆ ಮದ್ದು ನರವನ್ನು ತಲುಪಿದೆಯೆಂದು ತಿಳಿಯಬಹುದು. ಹಾಗೆ ಅನಿಸದಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಬೇಕು. ಹಲ್ಲು ಕಚ್ಚಿ ಸಹಿಸಿಕೊಳ್ಳುವುದರಲ್ಲಿ ಯಾವ ಶೌರ್ಯವೂ ಇಲ್ಲ.

ಮದ್ದು ಬೇಗನೆ ರಕ್ತಕ್ಕೆ ಸೇರಿಹೋಗದಿರಲೆಂದು ಅದರೊಂದಿಗೆ, ಸಾಮಾನ್ಯವಾಗಿ 80,000 ಪಾಲಿಗೆ ಒಂದು ಪಾಲಿನಂತೆ, ರಕ್ತನಾಳಗಳನ್ನು ಕುಗ್ಗಿಸುವ ಅಡ್ರಿನಾಲಿನ್ ಬೆರೆಸಿರುತ್ತಾರೆ. ಇಂಜೆಕ್ಷನ್ ಆದ ಕೂಡಲೇ ಎದೆ ಡವಗುಟ್ಟಿ ಕೈ ನಡುಗುವುದು ಎಷ್ಟೋ ಸಲ ಇದರಿಂದಲೇ, ಕೆಲವೊಮ್ಮೆ ಬರಿಯ ಭಯದಿಂದ. ಇಷ್ಟಕ್ಕೇ ‘ನನಗೆ ಆ ಇಂಜೆಕ್ಷನ್ ಆಗಿಬರುವುದಿಲ್ಲ’ ಎಂದು ತೀರ್ಮಾನಿಸುವವರು ಅನೇಕರು. ಲಿಗ್ನೋಕೇನ್‌ಗೆ ನಿಜವಾದ ಅಲರ್ಜಿ ಬಹಳ ಅಪರೂಪ. ಆದರೂ ಹಿಂದೆ ಏನಾಗಿತ್ತೆಂಬುದನ್ನೂ, ಹೃದ್ರೋಗಕ್ಕೆ ಅಥವಾ ರಕ್ತದೊತ್ತಡಕ್ಕೆ ನುಂಗುತ್ತಿರುವ ಮಾತ್ರೆಗಳ ಹೆಸರನ್ನೂ ಮೊದಲೇ ವೈದ್ಯರಿಗೆ ತಿಳಿಸಬೇಕು.

ಹಲ್ಲಿನ ಕೆಲಸ ಮುಗಿದ ಮೇಲೂ ತುಟಿಯ ಜೋಮು ಕೆಲವು ಗಂಟೆ ಉಳಿಯುತ್ತದೆ. ಅಷ್ಟರಲ್ಲಿ ಬಿಸಿ ಕಾಫಿ ಕುಡಿದರೆ ಬಾಯಿ ಸುಟ್ಟದ್ದೇ ತಿಳಿಯದು. ಚಿಕ್ಕ ಮಕ್ಕಳು ಮರಗಟ್ಟಿದ ತುಟಿಯನ್ನು ಆಟವಾಗಿ ಅಗಿದು ಹುಣ್ಣು ಮಾಡಿಕೊಳ್ಳುತ್ತಾರೆ. ಜೋಮು ಪೂರ್ತಿ ಇಳಿಯುವವರೆಗೆ ಅವರ ಮೇಲೆ ಕಣ್ಣಿಟ್ಟಿರಬೇಕು. ನಮಸ್ಕಾರ.