ಮೊದಲು ಗೆರೆ ಎಲ್ಲಿ ಅಂತ ಹೇಳಿ

ನಮಸ್ಕಾರ ಎಲ್ಲರಿಗೂ. ಇವತ್ತು ಪುಸ್ತಕ ಇಲ್ಲ, ಬರೀ ಮಾತು. ಹೋದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಇನ್ನೂರು ವರ್ಷ ಹಳೇ ಪುಸ್ತಕಕ್ಕೆ ಎಂಥಾ ಸ್ಪಾಯ್ಲರ್ ರೀ? ಮಾತೆತ್ತಿದ್ರೆ ಇಲ್ಲೀವರೆಗೆ ಮಾತ್ರ, ಇಲ್ಲೀವರೆಗೆ ಮಾತ್ರ ಅಂತೀರಿ. ಕಥೆ ಹೇಳಿ ಮುಗಿಸಿಬಿಡಿ." ಸ್ಪಾಯ್ಲರ್ ಅಂದ್ರೆ ಓದೋಕೆ ಮುಂಚೆಯೇ ಕಥೆಯ ಗುಟ್ಟು ಬಿಟ್ಟುಕೊಡೋ ಮಾತು. ಆ ಕಾಮೆಂಟಿನ ಕೆಳಗೆ ಲೈಕುಗಳ ಸಾಲು ಬೇರೆ.

ಮುಗಿಸಿಬಿಡಲ್ಲ ಸ್ವಾಮಿ. ಸೈನ್ಸ್ ಫಿಕ್ಷನ್ನು, ಫ್ಯಾಂಟಸಿ ಓದೋ ಬುಕ್ ಕ್ಲಬ್ ಪಾಡ್‌ಕಾಸ್ಟ್ ಮಾಡೋರಿಗೆ ಮೈಕು ಎರಡನೇ ವಿಷಯ, ಶುರುವಿನ ಸಂಗೀತ ಹತ್ತನೇ ವಿಷಯ. ಮೊದಲನೇದು ಗೆರೆ. ಈ ಸಂಚಿಕೆಯಲ್ಲಿ ಪುಸ್ತಕದ ಎಲ್ಲೀವರೆಗೆ ಮಾತಾಡ್ತೀವಿ, ಎಲ್ಲಿ ಬಾಯಿ ಮುಚ್ಕೋತೀವಿ ಅನ್ನೋ ಗೆರೆ. ಅದನ್ನ ಮೂರು ಕಡೆ ಹೇಳಬೇಕು: ಸಂಚಿಕೆಯ ಹೆಸರಲ್ಲಿ, ವಿವರಣೆಯ ಮೊದಲ ಸಾಲಲ್ಲಿ, ಮತ್ತೆ ಬಾಯಲ್ಲಿ, ಮೊದಲ 30 ಸೆಕೆಂಡಿನ ಒಳಗೆ. ಬಸ್ಸಲ್ಲಿ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಜೇಬಿಗೆ ಫೋನ್ ಇಟ್ಟವರು ವಿವರಣೆ ಓದಲ್ಲ. ಅವರಿಗೆ ನಿಮ್ಮ ದನಿಯೊಂದೇ ಬೋರ್ಡು.

ಈ ಬಗೆಯ ಪುಸ್ತಕಕ್ಕೇ ಯಾಕಿಷ್ಟು ಹಟ ಅಂತ ಕೇಳ್ತೀರಿ. ಒಂದು ಊರಿನ ಕಥೆ, ಒಂದು ಮನೆಯ ಕಥೆ ಓದೋವಾಗ ಊರು ಅಂದ್ರೇನು, ಮನೆ ಅಂದ್ರೇನು ಅಂತ ನಮಗೆ ಗೊತ್ತಿರತ್ತೆ. ಇಲ್ಲಿ ಹಾಗಲ್ಲ. ಮೊದಲ ಐವತ್ತು ಪುಟ ಆ ಲೋಕದಲ್ಲಿ ನೀರಿಗೆ ಬೆಲೆ ಎಷ್ಟು, ಸತ್ತವರು ಸತ್ತೇ ಇರ್ತಾರಾ, ಈ ವಿಚಿತ್ರ ಹೆಸರು ಪ್ರಾಣೀದಾ ಯಂತ್ರದ್ದಾ, ಯಾವುದೂ ಗೊತ್ತಿರಲ್ಲ. ಒಂದೊಂದೇ ಸಾಲಿಂದ ಆ ಲೋಕದ ನಿಯಮ ನಾವೇ ಕಂಡುಕೊಳ್ತಾ ಹೋಗ್ತೀವಿ. ಓದೋ ಸುಖದಲ್ಲಿ ಅರ್ಧಪಾಲು ಅದೇ. "ಆ ಗ್ರಹ ನಿಜವಾಗಿ ಏನು ಗೊತ್ತಾ" ಅಂತ ನೀವು ಎರಡನೇ ನಿಮಿಷದಲ್ಲಿ ಅಂದುಬಿಟ್ರೆ ಆ ಐವತ್ತು ಪುಟ ಇನ್ನು ಯಾರಿಗೂ ವಾಪಸ್ ಸಿಗಲ್ಲ.

ಈಗ ಬರತ್ತೆ ನೋಡಿ, ಎಲ್ಲರ ಬಾಯಲ್ಲೂ ತಯಾರಿರೋ ವಾದ. "ಗದಾಯುದ್ಧದಲ್ಲಿ ಕೌರವ ಸಾಯ್ತಾನೆ ಅಂತ ಊರಿಗೇ ಗೊತ್ತು, ಆದ್ರೂ ಬೆಳಗಿನ ಜಾವದವರೆಗೆ ಕೂತು ಆಟ ನೋಡಲ್ವಾ?" ನೋಡ್ತೀವಿ. ಆಟ ನೋಡೋಕೆ ಹೋದವರು ಪ್ರಸಂಗ ಗೊತ್ತಿದ್ದೇ ಹೋಗ್ತಾರೆ. ಇವತ್ತಿನ ವೇಷಧಾರಿ ಅದನ್ನ ಹೇಗೆ ಕಟ್ಟಿಕೊಡ್ತಾನೆ ಅಂತ ನೋಡೋಕೆ ಹೋಗ್ತಾರೆ. ಅದು ಎರಡನೇ ಓದು, ಹತ್ತನೇ ಓದು. ಅದರ ಸುಖಾನೇ ಬೇರೆ, ನನಗೂ ಇಷ್ಟ. ಆದ್ರೆ ಯಕ್ಷಗಾನದ ಮಾತು ತೆಗೆದವರು ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸೋ ತಾಳಮದ್ದಳೆ ಕೇಳಿದ್ದಾರಾ? ಭಾಗವತರು ಎಷ್ಟು ಪದ್ಯ ಹಾಡಿದರೋ ಅಷ್ಟಕ್ಕೇ ಪಾತ್ರದ ಮಾತಾಡೋ ಅರ್ಥಧಾರಿ ಅರ್ಥ ಹೇಳೋದು. ಮುಂದಿನ ಪದ್ಯದಲ್ಲಿ ಬರೋ ವಿಷಯವನ್ನ ಅರ್ಥಧಾರಿ ಈಗಲೇ ಎಳೆದು ತಂದ್ರೆ ಎದುರು ಕೂತವರಿಗೆ ಮಾತಾಡೋಕೆ ಏನು ಉಳೀತು? ಇಡೀ ಸಭೆಗೆ ಕಥೆ ಬಾಯಿಪಾಠ ಬಂದಿರೋ ಕಡೆಯಲ್ಲೇ ಇಷ್ಟು ಶಿಸ್ತು ಇದೆ. ಪದ್ಯ ಬರೋವರೆಗೆ ಕಾಯ್ತಾರೆ. ನಿಮ್ಮ ಉದಾಹರಣೆ ನನ್ನ ಕಡೆಗೇ ನಿಂತಿದೆ.

ಇನ್ನು ಕೆಲವರು ಸಂಶೋಧನೆ ತೋರಿಸ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್‌ನವರು 2011ರಲ್ಲಿ ಪ್ರಕಟಿಸಿದ್ದು, ಕೊನೆ ಮೊದಲೇ ಗೊತ್ತಿದ್ದವರು ಕಥೆಯನ್ನ ಹೆಚ್ಚು ಮೆಚ್ಚಿಕೊಂಡ್ರು ಅಂತ. ಯಾವ ಕಥೆ? ಹನ್ನೆರಡು ಸಣ್ಣ ಕಥೆ. ಕೊನೇಲಿ ತಿರುವು ಇರೋವು, ಪತ್ತೇದಾರಿ, ಸಾಹಿತ್ಯಿಕ. ಒಂದೇ ಕೂತಲ್ಲಿ ಓದಿ ಮುಗಿಸೋ ಕಥೆಯ ಲೆಕ್ಕ ತಂದು, ಎರಡು ತಿಂಗಳು ದಿನಾ ಹತ್ತು ಪುಟದ ಹಾಗೆ ಓದೋ 600 ಪುಟದ ಕಾದಂಬರಿಗೆ ಅಳವಡಿಸ್ತಾರೆ! ಮೊಳ ಹಿಡಿದು ಹೊಲ ಅಳೆದ ಹಾಗಾಯ್ತು.

ಗೆರೆ ಹಾಕೋದು ಹೇಗೆ ಅಂತ ಹೇಳ್ತೀನಿ, ಯಾಕೆಂದ್ರೆ ಹಾಕೋರು ಕೂಡ ತಪ್ಪಾಗಿ ಹಾಕ್ತಾರೆ. ಪುಟದ ಸಂಖ್ಯೆ ಹೇಳಬೇಡಿ. ನಿಮ್ಮ ಪ್ರತಿಯ 112ನೇ ಪುಟ ಇನ್ನೊಬ್ಬರ ಪೇಪರ್‌ಬ್ಯಾಕಲ್ಲಿ 96, ಕಿಂಡಲ್ಲಲ್ಲಿ ಅಕ್ಷರದ ಗಾತ್ರ ಬದಲಾದ್ರೆ ತೆರೆಯ ಲೆಕ್ಕವೇ ಬೇರೆ. ಅಧ್ಯಾಯದ ಸಂಖ್ಯೆ ಹೇಳಿ, ಜೊತೆಗೆ ಕೊನೇ ವಾಕ್ಯದ ನಾಲ್ಕು ಪದ ಕೊಡಿ. ಆಡಿಯೋಬುಕ್ ಕೇಳೋರಿಗೆ ಆ ನಾಲ್ಕು ಪದವೇ ಗತಿ. ಅಲ್ಲಿ ಪುಸ್ತಕದ ಹೆಸರು, ಓದಿದವರ ಹೆಸರು ಹೇಳೋ ತುಣುಕೇ ಎಷ್ಟೋ ಸಲ ಮೊದಲನೇ ಟ್ರ್ಯಾಕ್ ಆಗಿರತ್ತೆ, ಆಮೇಲಿನ ಸಂಖ್ಯೆಯೆಲ್ಲಾ ಒಂದೊಂದು ಮುಂದಕ್ಕೆ ಹೋಗಿರತ್ತೆ. ನೀವು 5 ಅಂದ್ರೆ ಅವರ ಆ್ಯಪ್ ತೋರಿಸೋ 5 ನಿಮ್ಮ 4.

ಅಧ್ಯಾಯಕ್ಕೆ ಸಂಖ್ಯೆಯೇ ಇಲ್ಲದ ಪುಸ್ತಕವೂ ಇದೆ. 1965ರ 'ಡ್ಯೂನ್' ತೆಗೀರಿ. ಮೂರು ಭಾಗ ಅಂತ ಇದೆ, ಭಾಗದೊಳಗಿನ ಅಧ್ಯಾಯಕ್ಕೆ ಸಂಖ್ಯೆ ಇಲ್ಲ, ಹೆಸರೂ ಇಲ್ಲ. ಪ್ರತಿಯೊಂದರ ತಲೆಯ ಮೇಲೆ ಬೇರೊಂದು ಗ್ರಂಥದಿಂದ ಎತ್ತಿದ ಹಾಗೆ ಒಂದು ಉಲ್ಲೇಖ ಇರತ್ತೆ. ಅಲ್ಲಿ ಗೆರೆ ಹಾಕೋ ದಾರಿ ಒಂದೇ: "ಈ ಪದಗಳಿಂದ ಶುರುವಾಗೋ ಉಲ್ಲೇಖ ಬಂದ ಕೂಡಲೇ ನಿಲ್ಲಿಸಿ." ಇನ್ನೊಂದು ವಾದವೂ ಇದೇ ಪುಸ್ತಕದ ಹೆಸರಲ್ಲಿ ಬರತ್ತೆ. "ಆ ಉಲ್ಲೇಖಗಳಲ್ಲಿ ಲೇಖಕರೇ ಮುಂದೆ ಆಗೋದನ್ನ ಹೇಳಿಬಿಡ್ತಾರಲ್ಲ!" ಹೌದು, ಹೇಳ್ತಾರೆ. ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಅಂತ ಅಳೆದು ಅವರು ಹೇಳ್ತಾರೆ. ಅಡುಗೆ ಮಾಡಿದವರು ಉಪ್ಪು ಹಾಕಿದಾರೆ ಅಂತ ಬಡಿಸೋನೂ ಒಂದು ಹಿಡಿ ಹಾಕ್ತಾನಾ?

ಎರಡನೇ ತಪ್ಪು, ಯಾವ ಪಾಠ, ಅಂದ್ರೆ ಪುಸ್ತಕದ ಯಾವ ರೂಪ, ಅಂತ ಹೇಳದೆ ಇರೋದು. ನಮ್ಮ ಮುಂದಿನ ಪುಸ್ತಕ 'ಫ್ರಾಂಕೆನ್‌ಸ್ಟೈನ್', ಅದನ್ನೇ ನೋಡಿ. 1818ರ ಮೊದಲ ಮುದ್ರಣ ಮೂರು ಸಂಪುಟದ್ದು, ಪ್ರತೀ ಸಂಪುಟದಲ್ಲಿ ಅಧ್ಯಾಯ ಮತ್ತೆ 1ರಿಂದ ಶುರು: ಏಳು, ಒಂಬತ್ತು, ಏಳು. 1831ರಲ್ಲಿ ಮೇರಿ ಶೆಲ್ಲಿ ತಿದ್ದಿ ಬರೆದ ಪಾಠದಲ್ಲಿ ಮೊದಲ ಅಧ್ಯಾಯ ಬೆಳೆದು ಎರಡಾಯ್ತು, ಸಂಖ್ಯೆ 1ರಿಂದ 24ರವರೆಗೆ ನೇರ ಹೋಯ್ತು. ಅಂದ್ರೆ ಒಬ್ಬರ 11ನೇ ಅಧ್ಯಾಯ ಇನ್ನೊಬ್ಬರ ಎರಡನೇ ಸಂಪುಟದ 3ನೇದು. ಎರಡೂ ಪಾಠ ಇವತ್ತಿಗೂ ಅಂಗಡೀಲಿ ಸಿಗತ್ತೆ, ನೆಟ್ಟಲ್ಲಿ ಪುಕ್ಕಟೆಯೂ ಸಿಗತ್ತೆ, ಎಷ್ಟೋ ರಕ್ಷಾಪುಟದಲ್ಲಿ ಯಾವುದು ಅಂತ ಹಾಕಿರಲ್ಲ. ಗುರುತು ಹಿಡಿಯೋಕೆ ಎಲಿಜಬೆತ್ ಯಾರು ಅಂತ ನೋಡಿ. 1818ರಲ್ಲಿ ಅವಳು ಕಥಾನಾಯಕ ವಿಕ್ಟರನ ಸೋದರತ್ತೆ ಮಗಳು. 1831ರಲ್ಲಿ ಮನೆಯವರು ತಂದು ಸಾಕಿದ ಅನಾಥ ಹುಡುಗಿ. ನಮ್ಮ ಕಡೆ ಸೋದರತ್ತೆ ಮಗಳು ಅಂದ್ರೆ ಸಾಕು, ಕೇಳೋರ ತಲೇಲಿ ಆಗಲೇ ಮದುವೆ ಲೆಕ್ಕ ಶುರುವಾಗಿರತ್ತೆ. ಅರ್ಧ ಜನ ಒಂದು ಪಾಠ, ಅರ್ಧ ಜನ ಇನ್ನೊಂದು ಓದಿ ಬಂದ್ರೆ ಇಡೀ ಗಂಟೆ ಬೇರೆ ಬೇರೆ ಹುಡುಗೀರ ಬಗ್ಗೆ ಜಗಳ ಆಡ್ತಾರೆ. 'ತ್ರೀ ಬಾಡಿ ಪ್ರಾಬ್ಲಮ್' ಕೂಡ ಹೀಗೇನೇ. 2014ರ ಇಂಗ್ಲಿಷ್ ಅನುವಾದದ ಅಧ್ಯಾಯಗಳ ಕ್ರಮ 2008ರ ಚೀನೀ ಪುಸ್ತಕದ ಕ್ರಮ ಅಲ್ಲ.

ಮುನ್ನುಡಿ ಬಗ್ಗೆಯೂ ಕೇಳುಗರಿಗೆ ಹೇಳಿ. ಹಳೇ ಪುಸ್ತಕಗಳ ಹೊಸ ಮುದ್ರಣದಲ್ಲಿ ವಿದ್ವಾಂಸರು ಬರೆದ ಮುನ್ನುಡಿ ಇರತ್ತಲ್ಲ, ಅದರಲ್ಲಿ ಕೊನೆ ಪುಟದವರೆಗಿನ ಕಥೆ ಬಂದಿರತ್ತೆ. ಅದನ್ನ ಕೊನೆಗೆ ಓದಿ. ವಂಶವೃಕ್ಷ, ಪದಕೋಶ, ಅನುಬಂಧ ಇದ್ರೆ ಅವೂ ಗೆರೆಯ ಆಚೆಗೇ.

ಸರಿ, ಗೆರೆ ಹಾಕಿದ್ರಿ. ಈಗ ರೆಕಾರ್ಡಿಂಗ್. ಗೆರೆ ಒಡೆಯೋದು ಮಾತಿಗಿಂತ ಹೆಚ್ಚಾಗಿ ನಗುವಿನಲ್ಲಿ. ಮೊದಲ ಸಲ ಓದ್ತಾ ಇರೋರು "ಆ ಮುದುಕನ ಮೇಲೇ ನಂಗೆ ಅನುಮಾನ" ಅಂದಾಗ, ಪೂರ್ತಿ ಓದಿರೋರು "ಹ್ಮ್ಮ್..." ಅಂದ್ರು ಅಂತಿಟ್ಕೊಳ್ಳಿ. ಮುಗೀತು, ಮುದುಕ ಸಿಕ್ಕಿಬಿದ್ದ! ಅದಕ್ಕೇ ಓದಿರೋರು ಒಂದು ಅಭ್ಯಾಸ ಮಾಡ್ಕೋಬೇಕು. ಊಹೆ ಸರಿಯಿರಲಿ ತಪ್ಪಿರಲಿ, ಪ್ರತೀ ಸಲ ಅದೇ ಪ್ರಶ್ನೆ, ಅದೇ ದನಿ: "ಯಾವ ಸಾಲು ಓದಿ ಹಾಗನ್ನಿಸ್ತು?" ಎರಡು ಲಾಭ. ಗುಟ್ಟು ಉಳಿಯತ್ತೆ, ಚರ್ಚೆ ಪುಸ್ತಕದ ಸಾಲಿಗೆ ಬಂದು ಕೂರತ್ತೆ.

ಬಾಯಿ ಜಾರಿತಾ? ಅಲ್ಲೇ ಒಂದು ಜೋರು ಚಪ್ಪಾಳೆ ಹೊಡೀರಿ, ಎರಡು ಸೆಕೆಂಡ್ ಸುಮ್ಮನಿರಿ, ಆ ವಾಕ್ಯವನ್ನ ಮೊದಲಿಂದ ಹೇಳಿ. ಎಡಿಟಿಂಗಲ್ಲಿ ಆ ಚಪ್ಪಾಳೆ ತೆರೆ ಮೇಲಿನ ದನಿಯ ಅಲೆಯ ಮಧ್ಯೆ ಮೊಳೆ ಹೊಡೆದ ಹಾಗೆ ಎದ್ದು ಕಾಣತ್ತೆ, ಹುಡುಕೋ ಕೆಲಸ ಇಲ್ಲ. ಆದ್ರೆ ಒಂದು ಎಚ್ಚರ. ಇಬ್ಬರೂ ಒಂದೇ ಕೋಣೆಯಲ್ಲಿ ಕೂತಿದ್ರೆ ಬಾಯಿ ಜಾರಿದವರ ಟ್ರ್ಯಾಕ್ ಒಂದನ್ನೇ ಮ್ಯೂಟ್ ಮಾಡಿದ್ರೆ ಸಾಲದು. ಪಕ್ಕದವರ ಮೈಕಲ್ಲೂ ಆ ಮಾತು ಸಣ್ಣಗೆ ಬಿದ್ದಿರತ್ತೆ. ಮಿಕ್ಸ್ ಮಾಡೋವಾಗ ಕೇಳಿಸಲ್ಲ, ಕೊನೇಲಿ ಇಡೀ ಸಂಚಿಕೆಯ ದನಿ ಏರಿಸ್ತೀರಲ್ಲ, ಆಗ ಅದೂ ಎದ್ದು ಬರತ್ತೆ. ಎಲ್ಲಾ ಟ್ರ್ಯಾಕನ್ನೂ ಒಂದೇ ಜಾಗದಲ್ಲಿ ಕತ್ತರಿಸಿ.

"ಕೊನೇ ಹತ್ತು ನಿಮಿಷ ಸ್ಪಾಯ್ಲರ್ ಭಾಗ ಅಂತ ಇಟ್ರೆ ಆಯ್ತಪ್ಪ" ಅಂತಾರೆ. ಆಗಲ್ಲ! ಕೇಳೋರು ಪಾತ್ರೆ ತೊಳೀತಾ ಇರ್ತಾರೆ, ಕೈ ತುಂಬಾ ಸೋಪು. ಗಾಡಿ ಓಡಿಸ್ತಾ ಇರ್ತಾರೆ. "ಈಗ ನಿಲ್ಲಿಸಿ" ಅಂತ ನೀವು ಹೇಳಿ ಮೂರು ಸೆಕೆಂಡಿಗೆ ಗುಟ್ಟು ಹೊರಗೆ. ಪೂರ್ತಿ ಓದಿದವರ ಮಾತು ಬೇಕಾ, ಬೇರೆ ಸಂಚಿಕೆ ಮಾಡಿ, ಬೇರೆ ಹೆಸರಿಡಿ, ಒಂದು ವಾರ ಬಿಟ್ಟು ಹಾಕಿ. ಅದೇ ದಿನ ಹಾಕಿದ್ರೆ ಆ್ಯಪ್ ತಾನಾಗೇ ಮುಂದಿನದನ್ನ ಹಚ್ಚಿಬಿಡತ್ತೆ.

ಯೂಟ್ಯೂಬಲ್ಲಿ ಸಮಯದ ಪಟ್ಟಿ ಹಾಕೋರು ಇನ್ನೂ ಒಂದು ನೋಡ್ಕೊಳ್ಳಿ. 00:00ಯಿಂದ ಶುರುವಾಗಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ 10 ಸೆಕೆಂಡಿಗೆ ಕಡಿಮೆ ಇರಬಾರದು, ಇದೆಲ್ಲಾ ನಿಮಗೆ ಗೊತ್ತು. ಆಮೇಲೆ 41:20ರ ಪಕ್ಕ "ರಾಜನ ಸಾವು" ಅಂತ ಬರೀತೀರಿ! ಗೆರೆ ಒಳಗೇ ಇರೋ ಸಾವು ಅಂತೀರಾ? ಪಟ್ಟಿ ಓದೋನು ಇನ್ನೂ ಪುಸ್ತಕ ತೆಗೆದಿಲ್ಲ. "12ನೇ ಅಧ್ಯಾಯ" ಅಂತ ಬರೀರಿ, ಸಾಕು. ಶಾರ್ಟ್ಸ್ ಕತ್ತರಿಸೋರಿಗೂ ಇದೇ ಮಾತು. ಎಲ್ಲಕ್ಕಿಂತ ರೋಚಕವಾದ ಒಂದು ನಿಮಿಷ ಆರಿಸ್ತೀರಿ, ಅದು ಯಾವಾಗಲೂ ಕೊನೆಯದೇ ಆಗಿರತ್ತೆ, ಅದರ ತಲೆ ಮೇಲೆ ಗೆರೆ ಇರಲ್ಲ.

'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಅವರಿಗೆ ಅದರ ಮೂರನೇ ಸಂಪುಟಕ್ಕೆ ಇಟ್ಟ ಹೆಸರೇ ಹಿಡಿಸಿರಲಿಲ್ಲ. ಕಥೆ ಎತ್ತ ಹೋಗತ್ತೆ ಅನ್ನೋದನ್ನ ಅದು ಬಿಟ್ಟುಕೊಡತ್ತೆ ಅಂತ. 'ವಾರ್ ಆಫ್ ದಿ ರಿಂಗ್' ಅಂತಿಡೋದೇ ಮೇಲು ಅಂದ್ರು. ಬರೆದವರೇ ಹೊದಿಕೆಯ ಮೇಲಿನ ನಾಲ್ಕು ಪದಕ್ಕೆ ಇಷ್ಟು ತಲೆ ಕೆಡಿಸಿಕೊಂಡಿದಾರೆ. ನಾವು ಮೈಕ್ ಮುಂದೆ ಕೂತು ಇಡೀ ಕಥೆ ಉದುರಿಸೋದಾ?

ಹಳೇ ಪುಸ್ತಕ ಅಂತೆ! ಪುಸ್ತಕ ಹಳೇದಿರಬಹುದು, ಓದೋ ಹುಡುಗಿಗೆ ಹದಿನಾರು ವರ್ಷ. ಅವಳಿಗೆ ಅದು ಇವತ್ತು ಬೆಳಿಗ್ಗೆ ಬಂದ ಪುಸ್ತಕ. ಅವಳು ಅದನ್ನ ನೂರು ಸಲ ಓದಬಹುದು, ಮೊದಲನೇ ಸಲ ಓದೋದು ಒಂದೇ ಸಲ. ಅದನ್ನ ಕಿತ್ಕೊಳ್ಳೋ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ. ಗೆರೆ ಹಾಕಿ. ಹಾಕೋಕೆ ಬೇಜಾರಾದ್ರೂ ಹಾಕಿ. ಕಾಮೆಂಟಲ್ಲಿ ಬೈದ್ರೂ ಹಾಕಿ. ಗೆರೆ ಹಾಕದ ಬುಕ್ ಕ್ಲಬ್ ನನಗೆ ಬೇಡ, ಅಷ್ಟೇ, ಬೇಡ!

ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿಲ್ಲದಿದ್ರೆ ಆಗಿ, ಬೆಲ್ ಒತ್ತಿ, ಓದೋ ಪಟ್ಟಿ ವಿವರಣೆಯಲ್ಲಿದೆ. 'ಫ್ರಾಂಕೆನ್‌ಸ್ಟೈನ್' ನಾಲ್ಕು ಸಂಚಿಕೆ, ಎರಡು ವಾರಕ್ಕೊಂದು. ಪಾಠ 1831ರದ್ದು. ಮೊದಲು ನಾಲ್ಕು ಪತ್ರ ಮತ್ತೆ 1ರಿಂದ 5, ಆಮೇಲೆ 6ರಿಂದ 10, ಆಮೇಲೆ 11ರಿಂದ 16, ಕೊನೆಗೆ 17ರಿಂದ 24. ಮೂರನೇದನ್ನ ಮಾತ್ರ ಆದಷ್ಟು ಒಂದೇ ದಿನ ಓದಿ. ಅಲ್ಲಿ ಕಥೆ ಹೇಳೋ ದನಿ ಬದಲಾಗತ್ತೆ, ಯಾರ ದನಿ ಅಂತ ಹೇಳಲ್ಲ.

ಮೊದಲ ಸಂಚಿಕೆಗೆ 5ನೇ ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚಿ. ಅದರ ಕೊನೇ ಸಾಲಲ್ಲಿ, ನಿನಗೊಂದು ಕಾಗದ ಬಂದು ಕೆಲವು ದಿನ ಆಯ್ತು ಅಂತ ಗೆಳೆಯ ಹೇಳ್ತಾನೆ. ಆ ಕಾಗದ ಬಿಚ್ಚೋದು 6ರಲ್ಲಿ. ಬಿಚ್ಚಬೇಡಿ.