ಹೊಸ ಹಾಡು ಬೇಕಾ? ಹೆಸರುಗಳ ಬೆನ್ನು ಹತ್ತಿ

ನಮಸ್ಕಾರ. ಇವತ್ತು ಸ್ವಂತ ದುಡ್ಡು ಹಾಕಿ ರೆಕಾರ್ಡ್ ಮಾಡಿ, ತಾವೇ ಜನರ ಮುಂದೆ ತರುವವರ ಹಾಡುಗಳ ಬಗ್ಗೆ ಮಾತಾಡುತ್ತೇನೆ.

"ಇಂಥ ಹಾಡು ಎಲ್ಲಿ ಸಿಗುತ್ತವೆ?" ಅಂತ ತುಂಬಾ ಜನ ಕೇಳುತ್ತೀರಿ. ಹಾಡು ಕೇಳುವ ಆಪ್ ತಾನಾಗಿ ಹಾಕಿದ್ದನ್ನೇ ಕೇಳುತ್ತಾ ಕೂತರೆ ಸಿಗುವುದು ಕಷ್ಟ. ನಿನ್ನೆ ರಾಕ್ ಕೇಳಿದವರಿಗೆ ಅದು ನಾಳೆಯೂ ರಾಕ್ ಬಡಿಸುತ್ತದೆ. ನಾನು ನಂಬಿರುವ ದಾರಿ ಬೇರೆ. ಹಾಡು ಇಷ್ಟವಾಯಿತಾ? ಹಾಡಿದ್ದು ಯಾರು, ನುಡಿಸಿದ್ದು ಯಾರು, ಅವರು ಬೇರೆ ಯಾರ ಜೊತೆ ಕೆಲಸ ಮಾಡಿದ್ದಾರೆ, ನೋಡಿ.

2018ರ 'ನಾತಿಚರಾಮಿ' ಸಿನಿಮಾ ನೆನಪಿದೆ ಅಲ್ವಾ? ಅದಕ್ಕೆ ಸಂಗೀತ ಕೊಟ್ಟವರು ಬಿಂದುಮಾಲಿನಿ. ಅದರದ್ದೇ ಹಾಡಿಗೆ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿಯೂ ಬಂತು. ಹೆಚ್ಚಿನವರು ಅಲ್ಲಿಗೇ ನಿಂತುಬಿಟ್ಟರು. ಒಂದು ಹೆಜ್ಜೆ ಮುಂದೆ ಹೋಗಿ. ಗಾಯಕ ವೇದಾಂತ್ ಭಾರದ್ವಾಜ್ ಜೊತೆ ಅವರು ಮಾಡಿದ 'ಸುನೋ ಭಾಯಿ' ಆಲ್ಬಮ್ ಇದೆ. ಕಬೀರನ ಪದಗಳು. ಹೆಚ್ಚು ವಾದ್ಯಗಳ ಅಬ್ಬರವಿಲ್ಲ, ಎರಡು ದನಿ ಒಂದನ್ನೊಂದು ಕೇಳಿಸಿಕೊಳ್ಳುತ್ತಾ ಹಾಡುತ್ತವೆ. ಕನ್ನಡ ಸಿನಿಮಾದಿಂದ ಹೊರಟವರು ಕಬೀರನ ಹತ್ತಿರ ಬಂದಿರುತ್ತೀರಿ.

ರಘು ದೀಕ್ಷಿತ್ ಅವರ 2008ರ ಆಲ್ಬಮ್ ಕೇಳಿದವರು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ಬ್ಯಾಂಡಿಗೆ ಹೋಗಿ. ಅಲ್ಲಿ ಜಾನಪದ, ರಾಕ್, ಪಿಟೀಲು ಎಲ್ಲಾ ಕೂಡಿ ಬರುತ್ತವೆ.

ಇನ್ನೊಂದು ಜಾಗ, ಕಾರ್ಯಕ್ರಮದ ಪೋಸ್ಟರ್. ದೊಡ್ಡ ಅಕ್ಷರ ಬಿಡಿ, ಕೆಳಗಿನ ಸಣ್ಣ ಅಕ್ಷರ ಓದಿ. ಬೆಂಗಳೂರಿನ ವೇದಿಕೆಗಳ ಮೇಲೆ ಬೆಳೆದ ಬ್ಯಾಂಡ್‌ಗಳೇ ಎಷ್ಟು ಬಗೆ ನೋಡಿ. ಪರ್ವಾಜ್ ಉರ್ದು ಮತ್ತು ಕಾಶ್ಮೀರಿಯಲ್ಲಿ ಹಾಡುತ್ತದೆ. ಕ್ರಿಪ್ಟೋಸ್ ಹೆವಿ ಮೆಟಲ್ ಅನ್ನೋ ಅಬ್ಬರದ ರಾಕ್ ಹಿಡಿದು ಜರ್ಮನಿಯ ವಾಕನ್ ಸಂಗೀತ ಉತ್ಸವದ ತನಕ ಹೋಗಿಬಂತು, 2013ರಲ್ಲಿ. ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನೋ ರಾಕ್ ಬ್ಯಾಂಡ್ 1996ರಿಂದ ಇದೆ. ನಮ್ಮೂರಿನವರೇ ಇವರು, ಆದರೂ ನಮ್ಮಲ್ಲೇ ಎಷ್ಟೋ ಜನಕ್ಕೆ ಹೆಸರು ಗೊತ್ತಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಇನ್ನು ಬೇರೆಯವರಿಗೆ ಹೇಳುವ ಬಗ್ಗೆ. ದಯವಿಟ್ಟು ಉದ್ದದ ಪ್ಲೇಲಿಸ್ಟ್ ಕಳಿಸಬೇಡಿ, ಯಾರೂ ಕೇಳುವುದಿಲ್ಲ. ಒಂದೇ ಹಾಡು ಕಳಿಸಿ. ಯಾಕೆ ಅವರಿಗೇ ಕಳಿಸಿದಿರಿ ಅಂತ ಒಂದು ಸಾಲು ಬರೆಯಿರಿ. ಅಮ್ಮ ಕರ್ನಾಟಕ ಸಂಗೀತ ಕೇಳುತ್ತಾರೆ, ತಮ್ಮನೋ ಗಿಟಾರ್ ಬಿಟ್ಟು ಏನೂ ಕೇಳುವುದಿಲ್ಲ ಅಂದರೆ, ಕರ್ನಾಟಕ ಸಂಗೀತವನ್ನು ರಾಕ್ ಜೊತೆ ಬೆರೆಸುವ ಆಗಮ್ ಬ್ಯಾಂಡಿನ ಒಂದು ಕೃತಿ ಹಾಕಿ. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಕೇಳಬಹುದು. ಅಮ್ಮನಿಗೆ ಡ್ರಮ್ಸ್ ಜಾಸ್ತಿ ಅನ್ನಿಸಬಹುದು, ಆದರೂ ರಾಗ ಗುರುತು ಹಿಡಿಯುತ್ತಾರೆ.

ನಿಮ್ಮ ಒಂದು ಮಾತಿಗೆ ಎಷ್ಟು ಬೆಲೆ ಇದೆ ಗೊತ್ತಾ? 2024ರಿಂದ ಹಾಡು ಕೇಳುವ ಆಪ್ ಸ್ಪಾಟಿಫೈನಲ್ಲಿ ಒಂದು ಹಾಡನ್ನು 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರಬೇಕು. ಇಲ್ಲದಿದ್ದರೆ ಆ ರೆಕಾರ್ಡಿಂಗ್‌ಗೆ ರಾಯಲ್ಟಿ, ಅಂದರೆ ಕೇಳಿದ್ದಕ್ಕೆ ಸಿಗುವ ಹಣ, ಸೇರುವುದಿಲ್ಲ. ದೊಡ್ಡವರಿಗೆ ಅದು ಲೆಕ್ಕಕ್ಕೇ ಇಲ್ಲ. ಈಗಷ್ಟೇ ಶುರು ಮಾಡಿದವರಿಗೆ ಅದೇ ದೊಡ್ಡ ಗೋಡೆ. ಕಲಾವಿದರು ತಾವೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ವೆಬ್‌ಸೈಟಿನಲ್ಲಿ ಡಿಜಿಟಲ್ ಆಲ್ಬಮ್ ಕೊಂಡರೆ ಆ ಕಂಪನಿ ಹಿಡಿದುಕೊಳ್ಳುವುದು ಸಾಮಾನ್ಯವಾಗಿ 15%, ಪಾವತಿ ಶುಲ್ಕ ಬೇರೆ. ಉಳಿದದ್ದು ಹಾಡಿದವರ ಕಡೆಗೆ. ಹಾಗಾಗಿ ಮನಸ್ಸಿಗೆ ಹತ್ತಿದ ಆಲ್ಬಮ್ ಅಲ್ಲಿದ್ದರೆ ಕೊಂಡುಕೊಳ್ಳಿ. ನಿಮ್ಮೂರಿಗೆ ಅವರು ಬಂದರೆ ಟಿಕೆಟ್ ತಗೊಂಡೇ ಹೋಗಿ. ಪರಿಚಯ ಇದೆ ಅಂತ ಫ್ರೀ ಪಾಸ್ ಮಾತ್ರ ಕೇಳಬೇಡಿ.