ಟಿಸಿ ಒಳಗೆ ಏನಿದೆ?

ನಮಸ್ಕಾರ. ನಾನು ಮಳವಳ್ಳಿ ಕಡೆಯವನು. ನಮ್ಮ ಕಡೆ ಟಿಸಿ, ಅಂದ್ರೆ ಲೈನಿನ ವೋಲ್ಟೇಜ್ ಇಳಿಸಿ ಊರಿಗೆ ಕೊಡುವ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಯ್ತು ಅಂದ್ರೆ ಊರಿಗೆ ಊರೇ ಸಪ್ಪಗಾಗುತ್ತದೆ. ಪಂಪ್‌ಸೆಟ್ ನಿಂತವು, ಗದ್ದೆ ಬಿರುಕು ಬಿಟ್ಟಿತು. ಒಂದು ಸಲ ಹೀಗೇ ಹೊಸ ಟಿಸಿಗೆ ಕಾಯುತ್ತಿದ್ದಾಗ ಅಪ್ಪ ಕೇಳಿದರು, "ಅದ್ರೊಳ್ಗೆ ಅಂತಾದ್ದು ಏನದೆ ಮಗ?" ನನಗೆ ಸೂತ್ರ ಬಾಯಿಗೆ ಬಂತು, ಉತ್ತರ ಬರಲಿಲ್ಲ.

ಉತ್ತರ 1831ರ ಆಗಸ್ಟ್ 29ರಂದು ಲಂಡನ್ನಿನಲ್ಲಿ ಸಿಕ್ಕಿತ್ತು. ವಿಜ್ಞಾನಿ ಮೈಕೆಲ್ ಫ್ಯಾರಡೆ 6 ಇಂಚಿನ ಕಬ್ಬಿಣದ ಬಳೆ ತೆಗೆದುಕೊಂಡು ಒಂದು ಕಡೆ ತಾಮ್ರದ ತಂತಿ ಸುತ್ತಿದರು, ಇನ್ನೊಂದು ಕಡೆ ಬೇರೆ ತಂತಿ. ತಂತಿಗೆ ತಂತಿ ತಾಗದಿರಲಿ ಅಂತ ನಡುವೆ ದಾರ, ಹತ್ತಿಬಟ್ಟೆ. ಮೊದಲ ತಂತಿಗೆ ಬ್ಯಾಟರಿ ಕೊಟ್ಟ ಕೂಡಲೇ ಎರಡನೇ ತಂತಿಯ ಹತ್ತಿರವಿದ್ದ ಕಾಂತದ ಸೂಜಿ ಅಲುಗಿತು. ಆಮೇಲೆ ಸುಮ್ನೆ ನಿಂತಿತು. ಬ್ಯಾಟರಿ ತೆಗೆದರು, ಮತ್ತೆ ಅಲುಗಿತು. ಕರೆಂಟ್ ಒಂದೇ ಸಮ ಹರಿಯುವಾಗ ಏನೂ ಇಲ್ಲ, ಬದಲಾಗುವಾಗ ಮಾತ್ರ! ಆ ಚಿಕ್ಕ ಅಲುಗಾಟವನ್ನು ಬೇರೆಯವರು ಕೈತಪ್ಪು ಅಂತ ಬಿಟ್ಟುಬಿಡುತ್ತಿದ್ದರೇನೋ. ಫ್ಯಾರಡೆ ಬಿಡಲಿಲ್ಲ.

ನಮ್ಮ ಟಿಸಿ ಅದೇ ಬಳೆ. ಲೈನಿನ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗಿಬರುವುದರಿಂದ ಬದಲಾವಣೆ ನಿಲ್ಲುವುದೇ ಇಲ್ಲ. ಎರಡನೇ ಕಡೆ ಸುತ್ತು ಕಡಿಮೆ, ಅದಕ್ಕೇ 11,000 ವೋಲ್ಟ್ ಇಳಿದು 400ರ ಆಸುಪಾಸಿಗೆ ಬರುತ್ತದೆ.

ಅದೇ 1831ರ ಅಕ್ಟೋಬರಿನಲ್ಲಿ ಫ್ಯಾರಡೆ ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ನೂಕಿ, ಎಳೆದು ಕರೆಂಟ್ ಹುಟ್ಟಿಸಿದರು. 1902ರಲ್ಲಿ ನಮ್ಮ ಶಿವನಸಮುದ್ರದಲ್ಲಿ ಕಾವೇರಿ ನೀರು ಟರ್ಬೈನ್ ತಿರುಗಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗೆ ಕರೆಂಟ್ ಕಳಿಸಿದ್ದೂ ಅದೇ ತತ್ವದ ಮೇಲೆ. ಅಲ್ಲಿಗೆ ಹೋದವರು ಆ ಯೋಜನೆ ಮಾಡಿಸಿದ ಮೈಸೂರು ದಿವಾನ್ ಶೇಷಾದ್ರಿ ಅಯ್ಯರ್ ಅವರನ್ನು ನೆನೆಯುತ್ತಾರೆ, ನೆನೆಯಲೇಬೇಕು. ಫ್ಯಾರಡೆಯನ್ನೂ ನೆನೆಯಬೇಕು ಅಂತ ನನ್ನ ಆಸೆ. ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತವರು. ಗಣಿತ ಜಾಸ್ತಿ ಗೊತ್ತಿರಲಿಲ್ಲ, ಕೈ ಮತ್ತು ಕಣ್ಣನ್ನು ನಂಬಿದರು.

ಅಂಥವರ ಪಾಠವನ್ನು ನಾವು ಬರೀ ಬೋರ್ಡಿನ ಮೇಲೆ ಮುಗಿಸುತ್ತೇವಲ್ಲ, ಅದು ನನಗೆ ಸಂಕಟ. ಪ್ರತಿ ಹೈಸ್ಕೂಲಿನಲ್ಲೂ ಮಕ್ಕಳ ಕೈಗೆ ತಂತಿ ಕೊಡಿ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಉಳಿದ ತಂತಿ ಸಿಗುತ್ತದೆ. ನಾನೂ ಅಲ್ಲಿಂದಲೇ ತಂದೆ, ಒಂದು ಕಬ್ಬಿಣದ ಬಳೆಗೆ ಸುತ್ತಿದೆ, ದಿಕ್ಸೂಚಿ ಇಟ್ಟೆ. ಅಪ್ಪನ ಕೈಗೆ ಸ್ವಿಚ್ ಕೊಟ್ಟೆ. ಸೂಜಿ ಅಲುಗಿತು. ಊಟ ಆರುವವರೆಗೂ ಅಪ್ಪ ಹಾಕಿದರು, ತೆಗೆದರು, ಮತ್ತೆ ಹಾಕಿದರು.